ನಿಂತ ನೆಲದ ಲೆಕ್ಕ

ಜೂನ್ 21ರಂದು ಮಧ್ಯಾಹ್ನ 12 ಗಂಟೆ 8 ನಿಮಿಷದ ಹೊತ್ತಿಗೆ ಮಸ್ಕತ್ತಿನಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆಗ ನೆರಳಿಲ್ಲವೆಂದೇ ಹೇಳಬೇಕು. ಕರ್ಕಾಟಕ ಸಂಕ್ರಾಂತಿ ವೃತ್ತ ಈ ನಗರದ ದಕ್ಷಿಣಕ್ಕೆ, ತೀರ ಹತ್ತಿರದಲ್ಲೇ ಹಾದುಹೋಗುತ್ತದೆ. ಅದೇ ವೃತ್ತದ ಜೊತೆಗೆ ಕಡಲು ದಾಟಿ ಪೂರ್ವಕ್ಕೆ ಹೋದರೆ ಉಜ್ಜಯಿನಿ ಸಿಗುತ್ತದೆ. ಮಸ್ಕತ್ತಿನ ಅಕ್ಷಾಂಶ 23 ಡಿಗ್ರಿ 36 ಕಲೆ, ಉಜ್ಜಯಿನಿಯದು 23 ಡಿಗ್ರಿ 11 ಕಲೆ. ಎರಡಕ್ಕೂ ಅರ್ಧ ಡಿಗ್ರಿಯ ಅಂತರವೂ ಇಲ್ಲ. ವರಾಹಮಿಹಿರ ಉಜ್ಜಯಿನಿಯಲ್ಲಿ ಕೂತು ನೋಡಿದ ಆಕಾಶ, ಉದಯಾಸ್ತದ ಹೊತ್ತಷ್ಟು ಹಿಂದೆಮುಂದಾದರೂ, ಹೆಚ್ಚುಕಡಿಮೆ ಇದೇ ಆಕಾಶ. ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಇಲ್ಲಿಗೆ ಬಂದು ನೆಲೆಸಿದ ನಮಗೆ ಇದು ಯೋಚಿಸಬೇಕಾದ ಸಂಗತಿ. ನಕ್ಷತ್ರಗಳ ಮಟ್ಟಿಗೆ ನಾವು ಪರದೇಶಕ್ಕೆ ಬಂದಂತೆಯೂ ಹೌದು, ಖಗೋಳ ಗಣಿತದ ಸಿದ್ಧಾಂತ ಗ್ರಂಥಗಳ ತೌರಿಗೆ ಹತ್ತಿರವಾದಂತೆಯೂ ಹೌದು.

ಆ ಗ್ರಂಥಗಳು ಒಂದು ಸಣ್ಣ ಕೆಲಸದಿಂದ ತೊಡಗುತ್ತವೆ. ಸಮತಟ್ಟಾದ ನೆಲದ ಮೇಲೆ 12 ಅಂಗುಲದ ಶಂಕುವನ್ನು ನಿಲ್ಲಿಸಬೇಕು. ಹಗಲಿರುಳು ಸಮವಾಗುವ ದಿನ ನಡುಹಗಲಲ್ಲಿ ಅದರ ನೆರಳನ್ನು ಅಳೆಯಬೇಕು. ಆ ನೆರಳಿನ ಉದ್ದಕ್ಕೆ ಪಲಭೆ ಎಂದು ಹೆಸರು. ಮಂಗಳೂರಿನಲ್ಲಿ ಅದು ಎರಡೂಮುಕ್ಕಾಲು ಅಂಗುಲ, ಮಸ್ಕತ್ತಿನಲ್ಲಿ ಐದೂಕಾಲು. ಒಂದು ಊರು ಭೂಗೋಳದ ಮೇಲೆ ಎಷ್ಟು ಉತ್ತರಕ್ಕಿದೆ ಎಂಬುದನ್ನು ಇಷ್ಟು ಚಿಕ್ಕ ಅಳತೆ ಹೇಳಿಬಿಡುತ್ತದೆ. ನಕ್ಷೆ ಬೇಡ, ದೂರದರ್ಶಕ ಬೇಡ. ಬಿಸಿಲು, ಕೋಲು, ತಾಳ್ಮೆ ಸಾಕು.

ಪಲಭೆಯಿಂದ ಹಗಲಿನ ಹಿಗ್ಗುಕುಗ್ಗು ತಿಳಿಯುವ ಆಮೇಲಿನ ಲೆಕ್ಕವನ್ನು ಗಣೇಶ ದೈವಜ್ಞ ಎಷ್ಟು ಸುಲಭ ಮಾಡಿದನೆಂದರೆ ಎಂಟನೇ ತರಗತಿಯ ಮಗುವೂ ಮಾಡಬಹುದು. ಕೊಂಕಣ ತೀರದ ನಂದಿಗ್ರಾಮದವನು ಆತ. 1520ರ ಸುಮಾರಿಗೆ ‘ಗ್ರಹಲಾಘವ’ ಬರೆದ. ಜ್ಯಾ, ಕೋಟಿಜ್ಯಾಗಳ (ಸೈನ್, ಕೊಸೈನ್) ಕೋಷ್ಟಕವಿಲ್ಲದೆ ಪಂಚಾಂಗ ಗುಣಿಸಲು ಬರುವಂತೆ ಮಾಡಿದ ಪುಸ್ತಕ ಅದು. ಪಲಭೆಯನ್ನು ಮೂರು ಕಡೆ ಇಟ್ಟುಕೊಳ್ಳಿ; ಒಂದನ್ನು 10ರಿಂದ, ಇನ್ನೊಂದನ್ನು 8ರಿಂದ ಗುಣಿಸಿ; ಮೂರನೆಯದನ್ನು 10ರಿಂದ ಗುಣಿಸಿ 3ರಿಂದ ಭಾಗಿಸಿ. ಮಸ್ಕತ್ತಿಗೆ ಸುಮಾರು 52, 42, 18 ಬರುತ್ತದೆ. ಕೂಡಿದರೆ 112 ವಿಘಳಿಗೆ, ಅಂದರೆ ಸುಮಾರು 45 ನಿಮಿಷ. ಜೂನ್ ತಿಂಗಳ ಅತಿ ದೊಡ್ಡ ಹಗಲಲ್ಲಿ ಸೂರ್ಯ ಸಮದಿನಕ್ಕಿಂತ ಅಷ್ಟು ಮೊದಲೇ ಹುಟ್ಟುತ್ತಾನೆ, ಅಷ್ಟು ತಡವಾಗಿ ಮುಳುಗುತ್ತಾನೆ. ಇಂದಿನ ತ್ರಿಕೋನಮಿತಿಯಿಂದ ಗುಣಿಸಿದರೆ ಬರುವುದು 44 ನಿಮಿಷ. 500 ವರ್ಷದ ಹಿಂದಿನ ಕೈಲೆಕ್ಕಕ್ಕೂ ಇಂದಿನದಕ್ಕೂ ಒಂದು ನಿಮಿಷದ ವ್ಯತ್ಯಾಸ. ಮಂಗಳೂರಿಗೆ ಇದೇ ಲೆಕ್ಕ ಮಾಡಿದರೆ 23 ನಿಮಿಷದ ಆಸುಪಾಸು ಬರುತ್ತದೆ. ಊರಿನಲ್ಲಿ ಹಗಲು ಅಷ್ಟಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಇಲ್ಲಿ ಡಿಸೆಂಬರ್ ಸಂಜೆ ಬೇಗನೆ ಕವಿಯುತ್ತದೆಂದು ಹೊಸದಾಗಿ ಬಂದವರು ಹೇಳುವುದರ ಹಿಂದೆ ಎರಡು ನೆರಳುಗಳ ಈ ಅಂತರವೂ ಇದೆ.

ಈ ಲೆಕ್ಕದ ಮುಂದೆ ಕೂತಾಗ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅದರ ಮೊದಲ ಹೆಜ್ಜೆ. ಗ್ರಂಥ ಸೂತ್ರವನ್ನು ಕೊಡುತ್ತದೆ, ಪಲಭೆಯನ್ನು ಕೊಡುವುದಿಲ್ಲ. ಅದನ್ನು ಓದುಗನೇ ತನ್ನ ಅಂಗಳದಲ್ಲಿ ಅಳೆದು ತರಬೇಕು. ಎಷ್ಟೇ ದೊಡ್ಡ ಆಚಾರ್ಯ ಬರೆದ ಪುಸ್ತಕವಾದರೂ ಓದುಗ ನಿಂತ ನೆಲದ ಒಂದು ಸಂಖ್ಯೆ ಸೇರದೆ ಪೂರ್ತಿಯಾಗುವುದಿಲ್ಲ.

ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗವೋ ಉಡುಪಿಯ ಪಂಚಾಂಗವೋ ಇರುತ್ತದೆ. ಈಗ ಅದು ಮೊಬೈಲಿನಲ್ಲಿಯೇ ಬರುತ್ತದೆ. ಹಬ್ಬ ಯಾವತ್ತು ಎಂದು ಕೇಳಿದರೆ ಬರುವ ಉತ್ತರ ಸರಳ: ಊರಲ್ಲಿ ಯಾವತ್ತೋ ಇಲ್ಲೂ ಅವತ್ತೇ. ಅಮ್ಮ ಅಲ್ಲಿ ಹೋಳಿಗೆ ತಟ್ಟುವ ದಿನವೇ ಇಲ್ಲೂ ಒಲೆ ಹಚ್ಚಬೇಕೆನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ. ಬಂಧುಬಳಗದ ಜೊತೆಗಿರುವುದು ಹಬ್ಬದ ಅರ್ಧ ಜೀವ. ಆದರೆ ಪಂಚಾಂಗದ ಗಣಿತ ಏನು ಹೇಳುತ್ತದೆ ಎಂಬುದನ್ನೂ ಒಮ್ಮೆ ಕೇಳಿಸಿಕೊಳ್ಳಬೇಕು. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ ಮುಗಿಯಿತು. ಆ ಕ್ಷಣ ಲೋಕಕ್ಕೆಲ್ಲ ಒಂದೇ. ಆದರೆ ದಿನಕ್ಕೆ ತಿಥಿಯ ಹೆಸರು ಸಿಗುವುದು ಸೂರ್ಯೋದಯದಿಂದ, ಮತ್ತು ಸೂರ್ಯೋದಯ ಊರೂರಿಗೆ ಬೇರೆ.

ಮಾರ್ಚ್ ಕೊನೆಯ ಒಂದು ದಿನ ಭಾರತದ ಗಡಿಯಾರದಲ್ಲಿ ಬೆಳಗ್ಗೆ 7ಕ್ಕೆ ಅಮಾವಾಸ್ಯೆ ಮುಗಿದು ಪಾಡ್ಯ ಹಿಡಿಯಿತೆನ್ನಿ. ಮಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಹೊತ್ತಿಗೆ. ಅಲ್ಲಿ ಉದಯಕ್ಕೆ ಇನ್ನೂ ಅಮಾವಾಸ್ಯೆ ಇರುವುದರಿಂದ ಯುಗಾದಿ ಮರುದಿನಕ್ಕೆ ಹೋಗುತ್ತದೆ. ಮಸ್ಕತ್ತಿನಲ್ಲಿ ಸೂರ್ಯ ಹುಟ್ಟುವಾಗ ಭಾರತದಲ್ಲಿ ಸುಮಾರು ಏಳೂವರೆ ಗಂಟೆ. ಆಗಲೇ ಪಾಡ್ಯ ಬಂದಾಗಿದೆ. ಪಂಚಾಂಗದ ನಿಯಮವನ್ನೇ ಹಿಡಿದು ನಡೆದರೆ ಇಲ್ಲಿ ಅಂದೇ ಯುಗಾದಿ. ಈ ವ್ಯತ್ಯಾಸವೂ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಎರಡು ಊರುಗಳ ರೇಖಾಂಶದ ಅಂತರ ಹದಿನಾರೂವರೆ ಡಿಗ್ರಿ, ಅಂದರೆ 66 ನಿಮಿಷ. ಹಗಲು ಹಿಗ್ಗಿ ಕುಗ್ಗುವ ಲೆಕ್ಕವೂ ಸೇರಿದಾಗ ಅದು ಜೂನ್‌ನಲ್ಲಿ ಮುಕ್ಕಾಲು ಗಂಟೆಗೆ ಇಳಿಯುತ್ತದೆ, ಡಿಸೆಂಬರ್‌ನಲ್ಲಿ ಒಂದೂವರೆ ಗಂಟೆಯ ಹತ್ತಿರಕ್ಕೆ ಏರುತ್ತದೆ. ಸಿದ್ಧಾಂತಿಗಳು ಮೊದಲನೆಯದಕ್ಕೆ ದೇಶಾಂತರ ಸಂಸ್ಕಾರ ಎಂದರು, ಎರಡನೆಯದಕ್ಕೆ ಚರ ಸಂಸ್ಕಾರ ಎಂದರು. ಲಂಕೆ, ಉಜ್ಜಯಿನಿ, ಕುರುಕ್ಷೇತ್ರಗಳ ಮೇಲೆ ಹಾಯುವ ಮಧ್ಯರೇಖೆಗೆ ಗುಣಿಸಿದ್ದನ್ನು ಈ ಎರಡು ಸಂಸ್ಕಾರ ಮಾಡದೆ ಬೇರೆ ಊರಿಗೆ ಹೇಳಬಾರದು ಎಂಬುದು ಅವರ ಕಟ್ಟುಪಾಡು. ಪೂರ್ವಜರು ಹೇಳಿದ್ದೆಂದು ಉಜ್ಜಯಿನಿಯ ಬೆಳಗನ್ನೇ ಎಲ್ಲ ಊರಿಗೂ ಹೊರಿಸಲು ಅವರು ಒಪ್ಪಲಿಲ್ಲ.

ದೇಶಾಂತರವನ್ನು ಕಂಡುಕೊಳ್ಳುವ ಬಗೆಯೂ ಅಷ್ಟೇ ಸೊಗಸಾದದ್ದು. ಚಂದ್ರಗ್ರಹಣ ಹಿಡಿಯುವುದು, ಬಿಡುವುದು ನೋಡುವವರಿಗೆಲ್ಲ ಒಂದೇ ಕ್ಷಣದಲ್ಲಿ. ಮಧ್ಯರೇಖೆಯ ಹೊತ್ತಿಗೆ ಗುಣಿಸಿದ ಕಾಲವನ್ನೂ ನಮ್ಮೂರಲ್ಲಿ ಕಂಡ ಕಾಲವನ್ನೂ ಹೋಲಿಸಿದರೆ ಎರಡರ ಅಂತರವೇ ದೇಶಾಂತರ. ‘ಸೂರ್ಯಸಿದ್ಧಾಂತ’ ಇದನ್ನು ವಿವರಿಸುತ್ತದೆ. 2025ರ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣ ಒಮಾನಿಗೂ ಕಂಡಿತು, ಕರ್ನಾಟಕಕ್ಕೂ ಕಂಡಿತು. ಗ್ರಹಣದ ನಡುಗಾಲ ಅಲ್ಲಿನ ಗಡಿಯಾರಕ್ಕೆ ರಾತ್ರಿ 11 ಗಂಟೆ 41 ನಿಮಿಷ, ಇಲ್ಲಿನದಕ್ಕೆ 10 ಗಂಟೆ 11 ನಿಮಿಷ. ಗಡಿಯಾರಗಳ ಈ ಒಂದೂವರೆ ಗಂಟೆ ಸರ್ಕಾರಗಳು ಅನುಕೂಲಕ್ಕೆ ಒಪ್ಪಿಕೊಂಡ ಅಂತರ. ಆಕಾಶದ ಅಂತರ ಎರಡೂಮುಕ್ಕಾಲು ಘಳಿಗೆ, ಅಂದರೆ ಆ 66 ನಿಮಿಷ ಮಾತ್ರ. ಆ ರಾತ್ರಿ ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತಾ ಒಂದೇ ಕೆಂಪು ಚಂದ್ರನನ್ನು ನೋಡಿದವರೆಲ್ಲ, ತಮಗೆ ತಿಳಿಯದೆಯೇ, ಭೂಮಿಯ ಮೇಲೆ ತಾವಿರುವ ಜಾಗವನ್ನು ಅಳೆಯುವ ಪ್ರಯೋಗದ ಎರಡು ತುದಿಗಳಲ್ಲಿ ಇದ್ದರು.

ಆಗಸ್ಟ್ ತಿಂಗಳ ಕೊನೆಗೆ ಒಮಾನಿನ ಜನ ಒಂದು ನಕ್ಷತ್ರಕ್ಕಾಗಿ ಕಾಯುತ್ತಾರೆ. ಬೆಳಗಿನ ಜಾವ ದಕ್ಷಿಣದಂಚಿನಲ್ಲಿ ಸುಹೈಲ್ ಕಂಡರೆ ಬೇಸಗೆಯ ಬೆನ್ನು ಮುರಿಯಿತು ಎಂಬ ನಂಬಿಕೆ. ನಮಗೆ ಅದು ಅಗಸ್ತ್ಯ. ಅಗಸ್ತ್ಯೋದಯವಾದರೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಎಂದು ನಮ್ಮವರು ನಂಬಿದರು. ಕಡಲಿನ ಒಂದು ದಡಕ್ಕೆ ಸೆಕೆ ಇಳಿಯುವ ಗುರುತು, ಇನ್ನೊಂದು ದಡಕ್ಕೆ ನೀರು ತಿಳಿಯಾಗುವ ಗುರುತು. ಮಂಗಳೂರಿನಲ್ಲಿ ಈ ನಕ್ಷತ್ರ ದಿಗಂತದಿಂದ 24 ಡಿಗ್ರಿ ಎತ್ತರಕ್ಕೆ ಏರುತ್ತದೆ, ಮಸ್ಕತ್ತಿನಲ್ಲಿ ಹದಿನಾಲ್ಕು ದಾಟುವುದಿಲ್ಲ. ಧ್ರುವ ನಕ್ಷತ್ರದ್ದು ಇದಕ್ಕೆ ವಿರುದ್ಧ, ಇಲ್ಲಿಗೆ ಬಂದಾಗ ಅದು ಹತ್ತು ಡಿಗ್ರಿಗೂ ಮಿಕ್ಕಿ ಮೇಲೇರಿರುತ್ತದೆ. ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಅಗಸ್ತ್ಯನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸೂರ್ಯ ಕನ್ಯಾರಾಶಿಗೆ ಇನ್ನೂ 7 ಡಿಗ್ರಿ ಇರುವಾಗ ಉಜ್ಜಯಿನಿಯಲ್ಲಿ ಅಗಸ್ತ್ಯ ಕಾಣುತ್ತಾನೆ ಎಂದು ಅಲ್ಲಿ ಲೆಕ್ಕ ಕೊಡುತ್ತಾನೆ. ಅದಕ್ಕೂ ಮೊದಲು ಒಂದು ಮಾತು ಹೇಳುತ್ತಾನೆ: ಬಲ್ಲವನು ಪ್ರತಿಯೊಂದು ದೇಶಕ್ಕೂ ಬೇರೆಬೇರೆಯಾಗಿ ಗುಣಿಸಿ ಇದರ ದರ್ಶನವನ್ನು ತಿಳಿಸಬೇಕು. ಋಷಿಯ ಹೆಸರಿಟ್ಟ ನಕ್ಷತ್ರ, ಅರ್ಘ್ಯ ಕೊಡುವಷ್ಟು ಪೂಜ್ಯ. ಆದರೂ ಅದು ಎಂದು ಕಾಣುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಭಕ್ತಿಗೆ ಬಿಡದೆ ಗಣಿತಕ್ಕೆ ಬಿಟ್ಟನಲ್ಲ, ಆ ಮನಸ್ಸಿನ ಸ್ವಚ್ಛತೆ ದೊಡ್ಡದು.

ಊರೂರಿಗೆ ಬೇರೆ ಲೆಕ್ಕವೆನ್ನುವುದು ಈ ನಾಡಿನ ಹಳ್ಳಿಗಳಿಗೆ ಹೊಸದಲ್ಲ. ಒಮಾನಿನ ಬದುಕು ನಿಂತಿರುವುದು ಫಲಜ್‌ಗಳ ಮೇಲೆ. ಬೆಟ್ಟದ ಬುಡದ ನೀರನ್ನು ನೆಲದಡಿಯ ಕಾಲುವೆಯಲ್ಲಿ ಮೈಲುಗಟ್ಟಲೆ ಹರಿಸಿ ಖರ್ಜೂರದ ತೋಟಗಳಿಗೆ ತರುವ ಏರ್ಪಾಡು ಅದು. ಇಂದಿಗೂ ಸುಮಾರು 3000 ಫಲಜ್‌ಗಳು ಹರಿಯುತ್ತಿವೆ. ನಿಜ್ವಾದ ಫಲಜ್ ದಾರಿಸ್, ಬಿರ್ಕತ್ ಅಲ್ ಮೌಜ್‌ನ ಫಲಜ್ ಅಲ್ ಖತ್ಮೈನ್ ಸೇರಿ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರು ಒಬ್ಬರ ಸೊತ್ತಲ್ಲ, ಸರದಿಯ ಪಾಲು. ಪಾಲನ್ನು ಅಳೆಯುವುದು ಹೊತ್ತಿನಿಂದ. ಹೆಚ್ಚುಕಡಿಮೆ ಅರ್ಧ ಗಂಟೆಯ ಪಾಲಿಗೆ ಅಥರ್ ಎನ್ನುತ್ತಾರೆ. ಹಗಲಲ್ಲಿ ಬಯಲಿನಲ್ಲಿ ನೆಟ್ಟ ಕಂಬದ ನೆರಳು ಗುರುತಿನ ಗೆರೆಯನ್ನು ಮುಟ್ಟಿದಾಗ ನೀರಿನ ತೂಬು ಒಬ್ಬನ ತೋಟದಿಂದ ಇನ್ನೊಬ್ಬನ ತೋಟಕ್ಕೆ ತಿರುಗುತ್ತದೆ. ರಾತ್ರಿ ಇಂತಿಂಥ ನಕ್ಷತ್ರ ಇಂತಿಂಥ ಗುಡ್ಡದ ಮರೆಯಿಂದ ಮೇಲೆದ್ದಾಗ ಸರದಿ ಬದಲಾಗುತ್ತದೆ. ಕೈಗಡಿಯಾರ ಬಂದ ಮೇಲೆ ಬಹುಪಾಲು ಕಡೆ ಇದು ಹಿಂದೆ ಸರಿದಿದೆ. ಆದರೂ ಕೆಲವು ಹಳ್ಳಿಗಳ ಹಿರಿಯರಿಗೆ ಆ ನಕ್ಷತ್ರಗಳ ಸಾಲು ಬಾಯಲ್ಲೇ ಇದೆ. ಒಂದು ಹಳ್ಳಿಯ ಗುಡ್ಡ ಇನ್ನೊಂದು ಹಳ್ಳಿಗೆ ಒದಗುವುದಿಲ್ಲ. ಅವರವರ ದಿಗಂತಕ್ಕೆ ಅವರವರದೇ ಲೆಕ್ಕ. ನಮ್ಮ ಶಂಕುವೂ ಇವರ ಕಂಬವೂ ಒಂದರಿಂದ ಒಂದು ಹುಟ್ಟಿದವೆಂದು ಸಾಧಿಸುವ ಅಗತ್ಯ ನನಗೆ ಕಾಣುವುದಿಲ್ಲ. ಬಾಯಾರಿದ ನೆಲದಲ್ಲಿ ನ್ಯಾಯವಾಗಿ ಹಂಚಿಕೊಳ್ಳಬೇಕಾದವರು ಸೂರ್ಯನನ್ನೇ ಪಂಚನಾಗಿ ಕರೆದರು.

ಮಸೀದಿಯ ಕರೆಯೂ ಆಯಾ ಊರಿನ ಸೂರ್ಯನನ್ನೇ ಅನುಸರಿಸುತ್ತದೆ. ಮಧ್ಯಾಹ್ನ ಕಳೆದ ಮೇಲಿನ ಅಸರ್ ನಮಾಜಿನ ಹೊತ್ತು ಗೊತ್ತಾಗುವುದು ನೆರಳು ನಡುಹಗಲಿನ ನೆರಳಿಗಿಂತ ವಸ್ತುವಿನ ಎತ್ತರದಷ್ಟು ಹೆಚ್ಚು ಬೆಳೆದಾಗ. ಅದಕ್ಕಾಗಿಯೇ ಮಸ್ಕತ್ತಿನ ಹೊತ್ತು ಸಲಾಲಾಕ್ಕೆ ಸಲ್ಲದು. ಈದ್‌ಗೆ ಒಮಾನ್ ತನ್ನ ಆಕಾಶದಲ್ಲಿ ಹೊಸ ಚಂದ್ರ ಕಂಡಿತೇ ಎಂದು ತಾನೇ ನೋಡಿ ನಿರ್ಧರಿಸುತ್ತದೆ. ಕೆಲವು ವರ್ಷ ನೆರೆಯ ದೇಶಗಳಿಗೂ ಇಲ್ಲಿಗೂ ಒಂದು ದಿನದ ವ್ಯತ್ಯಾಸ ಬರುತ್ತದೆ, ಯಾರೂ ಗಾಬರಿಯಾಗುವುದಿಲ್ಲ.

ಈ ಎರಡು ದಡಗಳ ನಡುವಿನ ಹೋಗುಬರವು ನಮ್ಮ ಕಾಲದ ವೀಸಾದಿಂದ ಶುರುವಾದದ್ದಲ್ಲ. 851ರಲ್ಲಿ ಬರೆದ ಅರಬ್ಬಿ ಪುಸ್ತಕವೊಂದು ಹಡಗುಗಳು ಮಸ್ಕತ್ತಿನಲ್ಲಿ ಸಿಹಿನೀರು ತುಂಬಿಕೊಂಡು ಕೊಲ್ಲಂ ಕಡೆಗೆ ಹೊರಡುವುದನ್ನು ಹೇಳುತ್ತದೆ. ಅದೇ ಪುಸ್ತಕ ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಬಲ್ಹರನನ್ನು, ಅಂದರೆ ನಮ್ಮ ರಾಷ್ಟ್ರಕೂಟ ದೊರೆಯನ್ನು ಎಣಿಸುತ್ತದೆ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ‘ಕವಿರಾಜಮಾರ್ಗ’ ಹುಟ್ಟಿದ ಆ ಕಾಲದಲ್ಲಿಯೇ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ. ಸಂಗೀತಕ್ಕೆ, ನಾಟಕಕ್ಕೆ, ಅಡುಗೆಗೆ, ವೈದ್ಯಕ್ಕೆ, ಮನೆ ಕಟ್ಟುವುದಕ್ಕೆ, ಗ್ರಹಣಕ್ಕೆ, ಎಲ್ಲದಕ್ಕೂ ಗಣಿತ ಬೇಕೆಂದು ಮೊದಲಲ್ಲೇ ಸಾರಿ, ಲೆಕ್ಕಗಳನ್ನು ಬದುಕಿನಿಂದಲೇ ಎತ್ತಿಕೊಂಡ ಜೈನ ವಿದ್ವಾಂಸ ಆತ. ಹೋಗಿದ್ದು ಸರಕು ಮಾತ್ರವೂ ಅಲ್ಲ. ಅದಕ್ಕೂ ಮೊದಲೇ, 770ರ ದಶಕದಲ್ಲಿ, ಬ್ರಹ್ಮಗುಪ್ತನ ಪರಂಪರೆಯ ಸಿದ್ಧಾಂತವೊಂದು ಬಗ್ದಾದಿನ ಖಲೀಫ ಅಲ್ ಮನ್ಸೂರನ ಆಸ್ಥಾನ ಸೇರಿ, ‘ಸಿಂಧಿಂದ್’ ಎಂಬ ಹೆಸರಲ್ಲಿ ಅರಬ್ಬಿಗೆ ಬಂತು. ಅಲ್ ಖ್ವಾರಿಜ್ಮಿ ಅದರ ಮೇಲೆ ತನ್ನ ಕೋಷ್ಟಕಗಳನ್ನು ಕಟ್ಟಿದ. ಉಜ್ಜಯಿನಿಯ ಮಧ್ಯರೇಖೆಯನ್ನು ಅರಬ್ ಭೂಗೋಳಜ್ಞರು ಭೂಮಿಯ ನಡುವೆಂದು ಒಪ್ಪಿಕೊಂಡರು. 12 ಭಾಗದ ಶಂಕುವೂ ಅವರ ನೆರಳಿನ ಕೋಷ್ಟಕಗಳಿಗೆ ಬಂದು ಸೇರಿತು. 916ರ ಸುಮಾರಿಗೆ ಅರಬ್ ಪ್ರವಾಸಿ ಅಲ್ ಮಸೂದಿ ರಾಷ್ಟ್ರಕೂಟರ ಆಳ್ವಿಕೆಗೆ ಸೇರಿದ ಚೌಲ್ ಬಂದರಿಗೆ ಬಂದಾಗ ಅಲ್ಲಿ ಮನೆ ಮಾಡಿಕೊಂಡಿದ್ದ ಒಮಾನಿಗಳನ್ನು ಕಂಡ.

ಆಮೇಲಿನ ಶತಮಾನಗಳಲ್ಲಿ ಒಮಾನಿನ ಕಲ್ಹಾತ್ ಬಂದರಿನ ಕುದುರೆಗಳು ನಮ್ಮ ಕರಾವಳಿಯ ಬಂದರುಗಳಿಗೆ ಬಂದವು, ಬಸರೂರು ಮಂಗಳೂರುಗಳ ಅಕ್ಕಿ ಮಸ್ಕತ್ತಿಗೆ ಹೋಯಿತು. ವಿಜಯನಗರವನ್ನು ನೋಡಿ ಮರಳಿದ ರಾಯಭಾರಿ ಅಬ್ದುಲ್ ರಜಾಕ್ ಹೊನ್ನಾವರದಲ್ಲಿ ಹಡಗು ಹತ್ತಿ ಒಮಾನಿನ ದಡ ಮುಟ್ಟಿದ. ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ಇರಿಸಿದ್ದ. ಆ ಹಡಗುಗಳ ನಾವಿಕರು ಧ್ರುವ ನಕ್ಷತ್ರದ ಎತ್ತರವನ್ನು ಬೆರಳಿನ ಅಗಲದಲ್ಲಿ ಅಳೆಯುತ್ತಿದ್ದರು. ಜುಲ್ಫಾರಿನಲ್ಲಿ ಹುಟ್ಟಿದ 15ನೇ ಶತಮಾನದ ಮಹಾ ನಾವಿಕ ಅಹ್ಮದ್ ಇಬ್ನ್ ಮಾಜಿದನ ಗ್ರಂಥದಲ್ಲಿ ಇಂಥ ಬೆರಳಿನ ಅಳತೆಗಳು ತುಂಬಿವೆ. ಇಂದು ಇಲ್ಲಿನ ರಸ್ತೆಯಲ್ಲಿ ಓಡುವ ಕಾರುಗಳ ಹಳದಿ ಫಲಕದ ಮೇಲೆ ಒಂದೇ ಸಂಖ್ಯೆ ಎರಡು ಲಿಪಿಯಲ್ಲಿ ಇರುತ್ತದೆ. ಎರಡೂ ಭಾರತದ ಒಂಬತ್ತು ಅಂಕೆ ಮತ್ತು ಸೊನ್ನೆಯ ಸಂತಾನ, ಕನ್ನಡದ ಅಂಕೆಗಳ ದಾಯಾದಿಗಳು.

ಇದನ್ನೆಲ್ಲ ನೆನೆದಾಗ ಎದೆ ಉಬ್ಬುವುದು ಸಹಜ. ಉಬ್ಬಲಿ. ಆದರೆ ಹೆಮ್ಮೆ ಅಲ್ಲಿಗೇ ನಿಂತರೆ ನಾವು ಆ ಪರಂಪರೆಯನ್ನು ತಪ್ಪಾಗಿ ಓದಿದಂತೆ. ಎಲ್ಲವೂ ನಮ್ಮಲ್ಲಿತ್ತು ಎನ್ನುವ ಮಾತು ಈಗ ದಿನವೂ ಕಿವಿಗೆ ಬೀಳುತ್ತದೆ. ಅದನ್ನು ಹೇಳುವವರಲ್ಲಿ ಒಂದು ಸಲವಾದರೂ ಶಂಕು ನಿಲ್ಲಿಸಿ ನೆರಳು ಅಳೆದವರು ಎಷ್ಟು ಮಂದಿ ಎಂದು ಯೋಚಿಸಿದಾಗ ನನಗೆ ನೋವಾಗುತ್ತದೆ. ವರಾಹಮಿಹಿರ ‘ಪಂಚಸಿದ್ಧಾಂತಿಕೆ’ಯಲ್ಲಿ ಐದು ಸಿದ್ಧಾಂತಗಳನ್ನು ಪಕ್ಕಪಕ್ಕ ಇಟ್ಟ. ಅವುಗಳಲ್ಲಿ ಹೊರನಾಡಿನ ಮೂಲದ ರೋಮಕವೂ ಪೌಲಿಶವೂ ಇದ್ದವು. ಈ ವಿದ್ಯೆಯನ್ನು ಬಲ್ಲ ಯವನರನ್ನು (ಗ್ರೀಕರನ್ನು) ಋಷಿಗಳಂತೆ ಗೌರವಿಸಬೇಕೆಂದೂ ಬರೆದ. 499ರಲ್ಲಿ, 23ನೇ ವಯಸ್ಸಿನಲ್ಲಿ, ಆರ್ಯಭಟ ಭೂಮಿಯೇ ತಿರುಗುತ್ತದೆಂದು ಹೇಳಿ, ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡ ಹಿಂದಕ್ಕೆ ಸರಿದಂತೆ ಕಾಣುವುದನ್ನು ಉದಾಹರಣೆ ಕೊಟ್ಟ. ಬ್ರಹ್ಮಗುಪ್ತ ಅದನ್ನು ಖಂಡಿಸಿದ. ಸೊನ್ನೆಗೆ 628ರಲ್ಲಿ ನಿಯಮ ಬರೆದ ಬ್ರಹ್ಮಗುಪ್ತನೂ ಸೊನ್ನೆಯಿಂದ ಭಾಗಿಸುವಲ್ಲಿ ಎಡವಿದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದ ನಮ್ಮ ಮಹಾವೀರಾಚಾರ್ಯನೂ ತಪ್ಪಿದ. 1150ರಲ್ಲಿ ಎರಡನೇ ಭಾಸ್ಕರ ಅದು ಅನಂತವೆಂದು ಹೇಳಿ ಒಂದು ಹೆಜ್ಜೆ ಮುಂದೆ ಹೋದ. ಕೇರಳದ ಪರಮೇಶ್ವರ 55 ವರ್ಷ ಗ್ರಹಣಗಳನ್ನು ನೋಡಿ, ಹಳೆಯ ಲೆಕ್ಕ ಆಕಾಶಕ್ಕೆ ಹೊಂದದ್ದನ್ನು ಕಂಡು, 1431ರಲ್ಲಿ ಹೊಸ ಗಣನೆಯನ್ನು ಕೊಟ್ಟ. ಆ ಪರಂಪರೆಯ ನೀಲಕಂಠ ಸೋಮಯಾಜಿ ಇನ್ನೂ ಸ್ಪಷ್ಟವಾಗಿ ವಾದಿಸಿದ: ಸಿದ್ಧಾಂತ ಕಣ್ಣಿಗೆ ಕಂಡದ್ದಕ್ಕೆ ಹೊಂದದಿದ್ದರೆ ತಿದ್ದಬೇಕಾದದ್ದು ಸಿದ್ಧಾಂತವನ್ನು.

ಸಾವಿರ ವರ್ಷ ಈ ವಿದ್ಯೆಯನ್ನು ಜೀವಂತವಾಗಿ ಇಟ್ಟದ್ದು ಈ ಗುಣ. ಗುರುವಿಗೆ ನಮಸ್ಕರಿಸಿ, ಆಮೇಲೆ ಗುರುವಿನ ಸಂಖ್ಯೆಯನ್ನು ಆಕಾಶಕ್ಕೆ ಹಿಡಿದು ನೋಡುವ ಗುಣ. ಊರು ಬಿಟ್ಟು ಬಂದವರಿಗೆ ಇದರಲ್ಲಿ ವಿಶೇಷವಾದ ಸಮಾಧಾನವಿದೆ. ಊರಿನದನ್ನು ಇದ್ದ ಹಾಗೆಯೇ ಕಾಪಾಡಬೇಕೆನ್ನುವ ಆತಂಕ ನಮ್ಮನ್ನು ಕಾಡುತ್ತಲೇ ಇರುತ್ತದೆ: ಮಕ್ಕಳ ಭಾಷೆ, ಊಟ, ಹಬ್ಬ, ಹಾಡು. ಸಿದ್ಧಾಂತಿಗಳು ಬೇರೆ ದಾರಿ ತೋರುತ್ತಾರೆ. ಸೂತ್ರವನ್ನು ಊರಿನಿಂದ ತಂದುಕೊಳ್ಳಿ, ಅಳತೆಯನ್ನು ಇಲ್ಲಿನ ನೆಲದಿಂದ ತೆಗೆದುಕೊಳ್ಳಿ, ಎರಡೂ ಸೇರಿದಾಗ ಬರುವ ಉತ್ತರ ಊರಿನ ಉತ್ತರಕ್ಕಿಂತ ಬೇರೆಯಾಗಿದ್ದರೂ ಅಂಜಬೇಡಿ. ಬೇರೆಯಾಗಿದೆ ಎಂಬ ಕಾರಣಕ್ಕೆ ಅದು ಪರಂಪರೆಯಿಂದ ಹೊರಗಾಗುವುದಿಲ್ಲ. ಸಂಸ್ಕಾರ ಮಾಡದೆ ಉಳಿಸಿಕೊಂಡ ಲೆಕ್ಕವೇ ಹೊರಗಿನದು.

ಬರುವ ಮಾರ್ಚ್ 20ರ ಆಸುಪಾಸಿನಲ್ಲಿ ಮಸ್ಕತ್ತಿನ ರೂವಿಯಲ್ಲೋ ಅಲ್ ಖುವೇರ್‌ನಲ್ಲೋ ಸೀಬ್‌ನಲ್ಲೋ ಇರುವವರು ಮಕ್ಕಳನ್ನು ತಾರಸಿಗೆ ಕರೆದುಕೊಂಡು ಹೋಗಬೇಕೆಂದು ನನ್ನ ಆಸೆ. ಒಂದು ನೇರವಾದ ಕೋಲನ್ನು ನಿಲ್ಲಿಸಿ, ಅದರ ಉದ್ದವನ್ನು 12 ಭಾಗ ಮಾಡಿ, ಮಧ್ಯಾಹ್ನ ಹನ್ನೆರಡೂಕಾಲರ ಸುತ್ತ ನೆರಳು ಎಲ್ಲಕ್ಕಿಂತ ಚಿಕ್ಕದಾದ ಗಳಿಗೆಯನ್ನು ಕಾದು ಗೀಟು ಹಾಕಬೇಕು. ಐದೂಕಾಲು ಬರಬೇಕು. ಬರದಿದ್ದರೆ ಕೋಲು ವಾಲಿದೆಯೇ, ನೆಲ ಸಮವಾಗಿದೆಯೇ ಎಂದು ನೋಡಿ ಇನ್ನೊಮ್ಮೆ ಅಳೆಯಬೇಕು. ಊರಲ್ಲಿರುವ ಅಜ್ಜ ಅಜ್ಜಿಯೂ ಅದೇ ದಿನ ಅಂಗಳದಲ್ಲಿ ಅಳೆದು ಫೋನಿನಲ್ಲಿ ತಮ್ಮ ಸಂಖ್ಯೆ ಹೇಳಿದರೆ, ಭೂಮಿ ದುಂಡಗಿದೆ ಎಂಬುದನ್ನು ಮಗು ಪುಸ್ತಕದ ಮಾತಾಗಿ ಅಲ್ಲದೆ ತನ್ನ ಮನೆಯವರ ಎರಡು ನೆರಳುಗಳಿಂದ ತಿಳಿಯುತ್ತದೆ. ಆಮೇಲೆ ಆರ್ಯಭಟ, ಬ್ರಹ್ಮಗುಪ್ತ, ಮಹಾವೀರಾಚಾರ್ಯರ ಹೆಸರು ಹೇಳಿಕೊಡಿ. ಅಳೆದು ನೋಡಿದ ಮಗುವಿಗೆ ಅವರು ತನ್ನದೇ ಕೆಲಸವನ್ನು ಮೊದಲು ಮಾಡಿದ ಹಿರಿಯರಾಗಿ ಕಾಣುತ್ತಾರೆ, ಮತ್ತು ಅವರ ತಪ್ಪನ್ನು ತಿದ್ದುವ ಹಕ್ಕೂ ತನಗಿದೆ ಎಂದು ಅದಕ್ಕೆ ತಿಳಿಯುತ್ತದೆ.